ಗೆರೆಯಿಲ್ಲದ ಹೆಬ್ಬೆಟ್ಟು

ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು
ಹೊಂಗೆಮರದ ಬುಡದಲ್ಲಿ ನನ್ನ ಮೇಜು.
ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ:
ಕ್ರಯ, ಭೋಗ್ಯ, ಪಾಲುಪಾರೀಕತ್ತು,
ಅಣ್ಣತಮ್ಮಂದಿರು ಒಂದೇ ಬೆಂಚಿನ
ಎರಡು ತುದಿಗೆ ಕೂತು ಬರೆಸುವ ಹಕ್ಕುಬಿಡುಗಡೆ.
ಉಯಿಲು ಕಮ್ಮಿ.
ಉಯಿಲು ಬರೆಸಿದರೆ ಆಯುಸ್ಸು ಸವೆಯುತ್ತದೆಂದು
ನಮ್ಮ ಕಡೆ ಒಂದು ಅಂಜಿಕೆ.

ಜೈತೂನ್‌ಬೀಗೆ ಅದಿಲ್ಲ.
ಹಸಿ ರೇಷ್ಮೆಯ ನಾತ ಹೊತ್ತು ಬಂದಳು,
ಕೂರೆಂದರೆ ಕೂರಲಿಲ್ಲ.
"ಬೇಗ ಬರಿಯಣ್ಣಾ,
ಹನ್ನೊಂದಕ್ಕೆ ಗೂಡಿನ ಹರಾಜು."

ಬರೆಯಲು ಇದ್ದದ್ದಾದರೂ ಏನು?
ಇಪ್ಪತ್ತು ಮೂವತ್ತರ ಸೈಟು, ಶೀಟಿನ ಮನೆ,
ಎರಡು ಬೇಸಿನ್ನು, ಒಂದು ಸೌದೆ ಒಲೆ.
ಚಕ್ಕುಬಂದಿ:
ಪೂರ್ವಕ್ಕೆ ಓಣಿ,
ಪಶ್ಚಿಮಕ್ಕೆ ಬಾಸಿತ್ ಸಾಬರ ಹುರಿ ಮಿಷನ್ನು,
ಉತ್ತರಕ್ಕೆ ಮೋರಿ,
ದಕ್ಷಿಣಕ್ಕೆ ಆಸ್ಪತ್ರೆಯ ಕಾಂಪೌಂಡು.

"ಆ ದಕ್ಷಿಣದೋರಿಗೇ ಬರಿ."

ಊರೊಟ್ಟಿನ ಆಸ್ಪತ್ರೆ ಅದು.
ಗೂಡು ಮಾರಿದವರೂ ಕೊಂಡವರೂ
ಲಾಟಿಗೊಂದು ರೂಪಾಯಿ ತೆಗೆದಿಟ್ಟು ಎಬ್ಬಿಸಿದ್ದು.
ಹದಿನಾಲ್ಕು ಮಂಚ, ಒಬ್ಬಳೇ ಡಾಕ್ಟರಮ್ಮ,
ಚಿಲಕ ಸರಿ ಕೂರದ ಹೆರಿಗೆ ಕೋಣೆ.

ನಿಮ್ಮಲ್ಲಿ ಮೂರರಲ್ಲೊಂದು ಪಾಲಿಗಷ್ಟೇ ಉಯಿಲು,
ಮಿಕ್ಕೆರಡು ತೀರಿಹೋದ ಅಣ್ಣನ ಮಕ್ಕಳದು, ಎಂದೆ.
"ನಂಗೊತ್ತಿಲ್ವಾ? ಒಂದೇ ಸಾಕು.
ಒಲೆ ಇರೋ ಮೂಲೆ ಅದಕ್ಕೆ ಸೇರಲಿ."

ಕಾರಣ ಏನು ಹಾಕಲಿ?
ಪ್ರೀತಿ ವಿಶ್ವಾಸದಿಂದ ಅಂತ ಹಾಕುವುದು ರೂಢಿ.

ಹರಾಜು ಮರೆತವಳಂತೆ ನಿಂತಳು.
"ಒಂದಿನ ರಾತ್ರಿ ಕರೆಂಟಿರಲಿಲ್ಲ.
ನರ್ಸಮ್ಮ ಗೋಡೆ ಆಚೆಯಿಂದ ಕೂಗ್ತು:
ಬಿಸಿನೀರಿದೆಯಾ ಬೀಬೀ?
ಇದ್ದಿದ್ದು ಹುಳ ಬೆಂದ ನೀರು.
ಚೆಲ್ಲಿದೆ. ಬೂದಿ ಹಾಕಿ ಹಂಡೆ ಉಜ್ಜಿದೆ.
ಹೊಸ ನೀರು ಕುದಿಯೋಷ್ಟೊತ್ತಿಗೆ
ಆ ಕಡೆ ಆಕೆ ಕಿರುಚೋದು, ಈ ಕಡೆ ನಾನು ಊದೋದು.
ನಾಲ್ಕು ಬಿಂದಿಗೆ ಗೋಡೆ ದಾಟ್ತು.
ಆಜಾನ್ ಕೂಗೋ ಮುಂಚೆ
ಒಂದು ಪುಟ್ಟ ಗಂಟಲು ಅತ್ತಿದ್ದು ಕೇಳಿಸ್ತು.
ಯಾರದೋ. ಗಂಡೋ ಹೆಣ್ಣೋ ಕೇಳಲಿಲ್ಲ."

ಸೆರಗಲ್ಲಿ ಬೆರಳೊರೆಸಿಕೊಂಡಳು.
"ನಲವತ್ತು ವರ್ಷ ಅಣ್ಣಾ, ಕುದಿನೀರಲ್ಲಿ
ನಾನು ಮಾಡಿದ್ದು ಒಂದೇ ಕೆಲಸ.
ಲೆಕ್ಕ ಇಟ್ಟಿಲ್ಲ, ಎಷ್ಟು ಲಕ್ಷ ಹುಳ.
ಅದರಲ್ಲಿ ಇನ್ನೊಂದೂ ಆಗುತ್ತೆ ಅಂತ
ಅವತ್ತು ಗೊತ್ತಾಯ್ತು."

ಹಾಗೆ ಬರೆಯಲು ಕಲಮಿಲ್ಲ.
ಪ್ರೀತಿ ವಿಶ್ವಾಸದಿಂದ ಎಂದೇ ಬರೆದೆ.
ಷರತ್ತು ಒಂದು: ಹೆರಿಗೆ ಕೋಣೆಗೆ
ಹಗಲೂ ರಾತ್ರಿ ಬಿಸಿನೀರು,
ಕರೆಂಟಿನದಲ್ಲ, ಸೌದೆಯದು.
ಹೆಸರಿನ ಕಲ್ಲು?
"ಕಲ್ಲಿನ ದುಡ್ಡಿಗೆ ಒಂದು ಗಾಡಿ ಸೌದೆ ಬರುತ್ತೆ."

ಒಳಗೆ ಯಂತ್ರದ ಗಾಜಿನ ಮೇಲೆ
ಹೆಬ್ಬೆಟ್ಟಿಟ್ಟಳು. ಕೆಂಪು ದೀಪ.
ಒರೆಸಿ ಇಡಿ. ಕೆಂಪು.
ಬಲಗೈ. ತೋರುಬೆರಳು. ಕೆಂಪು.
"ಗೆರೆಯೇ ಇಲ್ಲವಲ್ಲಮ್ಮಾ ನಿಂಗೆ!"
ಗುಮಾಸ್ತನ ಗೊಣಗು.

ಕುದಿವ ನೀರಲ್ಲಿ
ಗೂಡುಗೂಡಿನ ಎಳೆಯ ತುದಿ ಹುಡುಕುತ್ತ
ಬೆರಳಿನ ಎಳೆಗಳೂ ಬಿಚ್ಚಿಹೋಗಿರಬೇಕು,
ಈಗ ಯಾವ ಸೀರೆಯ ಅಂಚಲ್ಲಿವೆಯೋ,
ಯಾರ ಧಾರೆಗೆ ಉಟ್ಟರೋ.

ಕಪಾಟಿನಿಂದ ಹಳೇ ಶಾಯಿಪ್ಯಾಡು ಬಂತು.
ಒತ್ತಿದಳು.
ಹಾಳೆಯ ಮೇಲೆ ನುಣ್ಣನೆ, ಉದ್ದುಂಡಗೆ
ಒಂದು ಕಪ್ಪು ಗೂಡು.

ಸಾಹೇಬರು ನನ್ನ ಮುಖ ನೋಡಿದರು.
ಪಕ್ಕದಲ್ಲಿ ಬರೆದೆ:
ಇದು ಜೈತೂನ್‌ಬೀಯ ಎಡಗೈ ಹೆಬ್ಬೆಟ್ಟು. ನಾನು ಬಲ್ಲೆ.

ಬರವಣಿಗೆಯ ದುಡ್ಡು ಬಿಡಲಿಲ್ಲ ನಾನು.
ಬಿಡಬಹುದಿತ್ತು.
ಅವಳು ಎಣಿಸಿಕೊಟ್ಟು, ಹತ್ತು ಐವತ್ತಾಯ್ತೆಂದು
ಮಾರ್ಕೆಟ್ಟಿನ ಕಡೆ ಅರೆಓಟದಲ್ಲಿ ಹೋದಳು.

ನೋಟುಗಳು ಒದ್ದೆ.
ಮೇಜಿನ ಮೇಲೆ ಹರಡಿ, ಹಾರದಂತೆ ಸೀಲು ಹೇರಿ
ಮಧ್ಯಾಹ್ನದ ತನಕ ಒಣಗಲು ಬಿಟ್ಟೆ.